ಬಾಗಲಕೋಟೆಯಿಂದ ಪದ್ಮಿನಿಯನ್ನು ತಂದದ್ದು

ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಹುಬ್ಬಳ್ಳಿ ನವನಗರದ ನಮ್ಮ ಮನೆಯ ಮುಂದೆ ಮಲ್ಲಣ್ಣನ ಹಳೆಯ ಜೀಪು ಬಂದು ನಿಂತಿತು. ಮಲ್ಲಣ್ಣ ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅವನ ಹಿಂದೆ, ಕಾಲೇಜಿನಿಂದ ನಿವೃತ್ತರಾದ ಪದಕಿ ಸರ್ ಧಾರವಾಡದಿಂದ ತಮ್ಮ ಅಂಬಾಸಡರ್ ತಂದಿದ್ದರು. ಕಳುವಾದ ನನ್ನ ಪದ್ಮಿನಿ ಕಾರನ್ನು ತರಲು ನಾವು ಬಾಗಲಕೋಟೆಗೆ ಹೊರಟಿದ್ದೆವು.

ನನ್ನ ಯಜಮಾನರಿಗೆ ಇದು ಬೇಡವಾಗಿತ್ತು. "ಹೋದದ್ದು ಹೋತು. ಇನ್ನ ಎಷ್ಟಂತ ಅದರ ಬೆನ್ನ ಹತ್ತತಿ?" ಎಂದರು. ನಾನು ಕಾರಿನ ಕಾಗದಪತ್ರದ ಚೀಲ ಹೆಗಲಿಗೆ ಹಾಕಿಕೊಂಡು ಜೀಪು ಹತ್ತಿದೆ.

ಆ ಕಾರನ್ನು ನಾನು ಕೊಂಡಾಗ ಅದು ಓಡುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಶಾಲೆಯ ಟೀಚರಿಗೆ ಇದೇನು ಹುಚ್ಚು ಎಂದು ಓಣಿಯವರು ನಕ್ಕಿದ್ದರು. ಮಲ್ಲಣ್ಣ, ಪದಕಿ ಸರ್ ಮೊದಲಾಗಿ ರವಿವಾರ ಸೇರುವ ನಮ್ಮ ಹಳೆ ಗಾಡಿಗಳ ಬಳಗದವರು ಬಿಡಿಭಾಗ ಹುಡುಕಿಕೊಟ್ಟರು, ಎಂಜಿನ್ ಬಿಚ್ಚುವುದನ್ನು ಕಲಿಸಿದರು. ಗಾಡಿ ಹೊಡೆಯಲು ನಾನು ಕಲಿತದ್ದೂ ಆ ಕಾರಿನಲ್ಲಿಯೇ. ಆಕಾಶ ನೀಲಿ ಬಣ್ಣವನ್ನು ನಾನೇ ಆರಿಸಿದ್ದೆ. ಕಳುವಾದ ದಿನವೇ ಠಾಣೆಗೆ ದೂರು ಕೊಟ್ಟು, ಫೋಟೋಗಳನ್ನು ಊರೂರಿನ ಗಾಡಿಪ್ರಿಯರಿಗೆ ಕಳಿಸಿದ್ದೆವು. ಹಿಂದಿನ ಸಂಜೆ ಬಾಗಲಕೋಟೆಯ ಟೈರ್ ಅಂಗಡಿಯ ದಸ್ತಗೀರ್ ಸಾಹೇಬರ ಫೋನ್ ಬಂದಿತ್ತು. ಮದುವೆಗೆ ಕಾರು ಬಾಡಿಗೆ ಕೊಡುವವನೊಬ್ಬನ ಶೆಡ್ಡಿನಲ್ಲಿ ಬಿಳಿ ಪದ್ಮಿನಿಯೊಂದು ಲಾರಿಯಿಂದ ಇಳಿದಿದೆ, ಆದರೆ ಬಾಗಿಲ ಸಂದಿಯಲ್ಲಿ ನೀಲಿ ಇಣುಕುತ್ತಿದೆ ಎಂದಿದ್ದರು. ನಾವು ಠಾಣೆಗೂ ತಿಳಿಸಿದೆವು. ಬೆಳಿಗ್ಗೆ ಹವಾಲ್ದಾರರೊಬ್ಬರು ಬಸ್ಸಿಗೆ ಹೊರಡುವುದೆಂದಾಯಿತು.

ಹುಬ್ಬಳ್ಳಿ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಕಡಲೆ, ತೆನೆ ಕಟ್ಟುತ್ತಿದ್ದ ಬಿಳಿಜೋಳ. ಜೀಪಿಗೆ ಪರದೆ ಇರಲಿಲ್ಲವಾದ್ದರಿಂದ ಚಳಿ ಕಿವಿಗೆ ಹೊಡೆಯುತ್ತಿತ್ತು. ನವಲಗುಂದದಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದೆವು. ಕೊಣ್ಣೂರಿನ ಹತ್ತಿರ ಮಲಪ್ರಭೆ ದಾಟುವಾಗ ಬಿಸಿಲೇರಿತ್ತು. ನೂರಿಪ್ಪತ್ತು ಕಿಲೋಮೀಟರಿನ ಹಾದಿಯಲ್ಲಿ ಅಂಬಾಸಡರ್ ಒಮ್ಮೆ ಕುದಿದು ನಿಂತಿತು. ನೀರು ಹಾಕಿ, ಆರುವ ತನಕ ಕಾದೆವು. ಅಷ್ಟರಲ್ಲಿ ಕಾರು ಬೇರೆ ಊರಿಗೆ ಹೋದರೆ ಎಂದು ನನ್ನ ಜೀವ ಒಂದು ಕಡೆ ನಿಲ್ಲಲಿಲ್ಲ.

ಶೆಡ್ಡಿನ ಎದುರು ದಸ್ತಗೀರ್ ಸಾಹೇಬರು ಕಾಯುತ್ತಿದ್ದರು. ಒಳಗೆ ನನ್ನ ಕಾರು ಸುಣ್ಣ ಬಳಿದ ಗೋಡೆಯ ಹಾಗೆ ನಿಂತಿತ್ತು. ಶೆಡ್ಡಿನವನು ನನ್ನ ಮುಖ ನೋಡದೆ ಮಲ್ಲಣ್ಣನ ಜೊತೆಗೇ ಮಾತಾಡಿದ. ತಾನು ಯಾರಿಂದಲೋ ಕೊಂಡದ್ದು, ಕಾಗದ ಇನ್ನೂ ಬರಬೇಕು, ಬೇಕಾದರೆ ಒಂದಿಷ್ಟು ಹಣ ಕೊಡುತ್ತೇನೆ, ಇಲ್ಲಿಗೇ ಮುಗಿಸೋಣ ಎಂದ. ಮಲ್ಲಣ್ಣ ನನ್ನ ಕಡೆ ಕೈ ತೋರಿಸಿ, "ಗಾಡಿ ಅಕ್ಕಾರದು. ಅವರನ್ನ ಕೇಳ್ರಿ" ಎಂದ.

"ಮುಗಸೂದೇನೂ ಇಲ್ಲ. ನಿಮ್ಮದಂತೀರಲ್ಲ, ಚಾಲೂ ಮಾಡಿ ತೋರಸ್ರಿ" ಎಂದೆ.

ಅವನು ಕುಳಿತು ಚಾವಿ ತಿರುವಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಮತ್ತೆ ತಿರುವಿದ. ಕೊನೆಗೆ ಸಿಟ್ಟಿಗೆದ್ದು, ಲಾರಿ ತರಿಸಿ ಕಾರನ್ನು ಬೇರೆಡೆ ಒಯ್ಯುತ್ತೇನೆ ಎಂದು ಫೋನ್ ಕೈಗೆತ್ತಿಕೊಂಡ. ಪದಕಿ ಸರ್ ಹೊರಗೆ ಹೋಗಿ ಅಂಬಾಸಡರನ್ನು ಗೇಟಿಗೆ ಅಡ್ಡ ನಿಲ್ಲಿಸಿದರು. ಅದರ ಪಕ್ಕ ಮಲ್ಲಣ್ಣನ ಜೀಪು ನಿಂತಿತು. ದಸ್ತಗೀರ್ ಸಾಹೇಬರು ಕರೆದ ಊರಿನ ಗೆಳೆಯರು ಒಬ್ಬೊಬ್ಬರಾಗಿ ತಮ್ಮ ಹಳೆಯ ಗಾಡಿ ತಂದು ರಸ್ತೆಯುದ್ದ ನಿಲ್ಲಿಸಿದರು. ನಾನು ನನ್ನ ಕಾರಿನ ಬಾನೆಟ್ಟಿನ ಮೇಲೆಯೇ ಕುಳಿತೆ. "ಇಳೀರಿ, ಇದು ನನ್ನ ಜಾಗಾ" ಎಂದ ಅವನು.

"ಜಾಗಾ ನಿಮ್ಮದ ಇರಬಹುದು. ನಾ ಕುಂತದ್ದು ನನ್ನ ಗಾಡಿ ಮ್ಯಾಲ."

ಕಾಗದಪತ್ರದ ಚೀಲವನ್ನು ಮಡಿಲಲ್ಲಿಟ್ಟುಕೊಂಡೆ. ಇಳಿಯಲಿಲ್ಲ.

ಸ್ಥಳೀಯ ಪೊಲೀಸರೂ ನಮ್ಮ ಹವಾಲ್ದಾರರೂ ಬಂದ ಮೇಲೆ ಬಾನೆಟ್ ಎತ್ತಿ ಚಾಸಿ ನಂಬರನ್ನು ನನ್ನ ಕಾಗದದ ಜೊತೆ ತಾಳೆ ನೋಡಿದರು. ಎರಡೂ ಒಂದೇ. ಡಿಕ್ಕಿಯ ಚಾಪೆಯ ಕೆಳಗೆ ನನ್ನ ನೀಲಿ ಹಾಗೇ ಇತ್ತು. ಶೆಡ್ಡಿನವನನ್ನು ವಿಚಾರಣೆಗೆ ಕರೆದೊಯ್ದರು. ಪಂಚನಾಮೆ ಮುಗಿಯುವ ತನಕ ದಸ್ತಗೀರ್ ಸಾಹೇಬರ ಮನೆಯಿಂದ ರೊಟ್ಟಿ, ಝುಣಕ ಬಂತು.

ಕಾರನ್ನು ನಮ್ಮ ಠಾಣೆಗೆ ಒಯ್ಯಬೇಕಿತ್ತು. ಹವಾಲ್ದಾರರು ಎಳೆಯುವ ಗಾಡಿ ಕರೆಸೋಣ ಎಂದರು. "ಬ್ಯಾಡ್ರಿ, ನಾನ ಹೊಡೀತೇನಿ" ಎಂದು ನನಗಷ್ಟೇ ಗೊತ್ತಿದ್ದ ಹಾಗೆ ಚೋಕ್ ಗುಂಡಿಯನ್ನು ಅರ್ಧಕ್ಕೆ ಎಳೆದು, ಸ್ವಲ್ಪ ತಡೆದು, ಚಾವಿ ತಿರುವಿದೆ. ಎಂಜಿನ್ ಹಿಡಿಯಿತು. ಹವಾಲ್ದಾರರು ಟೊಪ್ಪಿಗೆ ತೆಗೆದು ಪಕ್ಕದಲ್ಲಿ ಕುಳಿತರು. ಮುಂದೆ ಕೋರ್ಟಿನ ಆದೇಶ ಬರುವ ತನಕ ಕಾರು ಠಾಣೆಯ ಅಂಗಳದಲ್ಲಿಯೇ ಇತ್ತು. ನಾನು ದಿನಾ ಹೋಗಿ ನೋಡಿಬರುತ್ತಿದ್ದೆ.

ಆ ದಿನ ಹಿಂದಿರುಗುವಾಗ ಬಾಗಲಕೋಟೆಯ ಗೆಳೆಯರು ಕುಳಗೇರಿ ಕ್ರಾಸಿನವರೆಗೂ ಹಿಂದೆ ಬಂದು ಕೈ ಬೀಸಿ ತಿರುಗಿದರು. ನರಗುಂದದಲ್ಲಿ ಚಹಾಕ್ಕೆ ನಿಂತಾಗ ಬಿಳಿ ಕಾರು, ಹಿಂದೆ ಜೀಪು, ಅಂಬಾಸಡರ್ ನೋಡಿ ಅಂಗಡಿಯವನು ಕೇಳಿದ, "ಮದುವಿ ಯಾರದ್ರಿ?"

"ಮದುವಿ ಅಲ್ಲೋ ತಮ್ಮಾ. ನನ್ನ ಗಾಡಿ ಕದ್ದ ಒಯ್ದಿದ್ರು. ಹೋಗಿ ತೊಗೊಂಡ ಬಂದೇವಿ" ಎಂದೆ.