ಕಾರಿನೊಳಗಿದ್ದ ರೇಡಿಯೋ

ಬೆಸುಗೆ ಹಾಕುವಾಗ ಏಳುವ ಹೊಗೆಗೆ ಸುಟ್ಟ ರಾಳದ ಒಂದು ವಾಸನೆಯಿದೆ. ಮೊನ್ನೆ ನೆಲಮಂಗಲದಲ್ಲಿ ಬಸ್ಸಿಗೆ ಕಾಯುತ್ತ ರಿಪೇರಿ ಅಂಗಡಿಯೊಂದರ ನೆರಳಿನಲ್ಲಿ ನಿಂತಿದ್ದಾಗ ಅದು ಮೂಗಿಗೆ ಬಡಿಯಿತು, ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. ಕಣ್ಣ ಮುಂದೆ ಇದ್ದದ್ದು ದೊಡ್ಡಬಳ್ಳಾಪುರದ ದೊಡ್ಡಪ್ಪನ ಮನೆ, ಅದರ ಅಂಗಳದ ಬೇವಿನ ಮರ, ಮರದಡಿಯ ಕಪ್ಪು ಕಾರು. ಆ ಮನೆ ಈಗಿಲ್ಲ. ನಿಮಗೂ ಇಂಥದೊಂದು ಅಂಗಳ ಇದ್ದಿರಬಹುದು, ಅದರ ಮೇಲೆ ಈಗ ಯಾರದೋ ಮಹಡಿ ಎದ್ದಿರಬಹುದು.

ದೊಡ್ಡಪ್ಪನದು ಮಗ್ಗದ ಮನೆ. ಹಗಲೆಲ್ಲ ಆ ಸದ್ದಿನಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು. ನಮಗಿದ್ದ ಒಂದೇ ಒಂದು ರೇಡಿಯೋ ಆ ಕಾರಿನದು; ಹಳೆಯ ಕಾರನ್ನು ಕೊಂಡಾಗ ಅದರ ಜೊತೆಗೇ ಬಂದದ್ದು. ಸಂಜೆ ಮಗ್ಗ ನಿಂತ ಮೇಲೆ ದೊಡ್ಡಪ್ಪ ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ರೇಡಿಯೋ ಹಾಕುತ್ತಿದ್ದರು, ನಾವು ಸುತ್ತ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಮೊದಲು ಬಿಸಿಯಾದ ಧೂಳಿನ ವಾಸನೆ, ಆಮೇಲೆ ಗೊರಗೊರ ಸದ್ದು, ಆಮೇಲೆ ದನಿ. ಹಾಡು ಕೇಳಿ ಕೇಳಿ ಬ್ಯಾಟರಿ ಇಳಿದುಹೋಗಿ, ಬೆಳಿಗ್ಗೆ ನೇಯುವವರೆಲ್ಲ ಸೇರಿ ಕಾರು ತಳ್ಳುವುದು ನಮ್ಮ ಬೀದಿಗೆ ಮಾಮೂಲಾಗಿತ್ತು.

ಮುಂದಿನ ಸೀಟು ಮಾತ್ರ ದೊಡ್ಡಮ್ಮನದು. ಅವರ ಒಬ್ಬನೇ ಮಗ ನಂಜುಂಡಣ್ಣ ಸೈನ್ಯಕ್ಕೆ ಸೇರಿದ್ದ. ಸೈನಿಕರು ಕೇಳಿದ ಹಾಡುಗಳನ್ನು ಹಾಕುವ ಕಾರ್ಯಕ್ರಮವೊಂದು ಹಿಂದಿಯಲ್ಲಿ ಬರುತ್ತಿತ್ತು. ಒಂದು ಸಂಜೆ ಅದರಲ್ಲಿ "ದೊಡ್ಡಬಳ್ಳಾಪುರ್ ಕೇ ನಂಜುಂಡಪ್ಪ" ಎಂದು ಅವನ ಊರು, ಹೆಸರು ಕೇಳಿಬಂತು. ಹಿಂದಿಯ ಒಂದಕ್ಷರವೂ ಬಾರದ ದೊಡ್ಡಮ್ಮ ಅಂದು ಬೀದಿಗೆಲ್ಲ ಸಕ್ಕರೆ ಹಂಚಿದರು. ಆಮೇಲೆ ಯುದ್ಧ ಬಂತು. ತಂತಿ ಬಂತು, ಅವನ ಟ್ರಂಕು ಬಂತು, ಅವನು ಬರಲಿಲ್ಲ. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತದಂತಾಯಿತು, ಎತ್ತಿದರೆ ದೊಡ್ಡಮ್ಮನಿಗೆ ನೋವಾದೀತೆಂದು. ಅವರು ಮಾತ್ರ ಆ ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಹೋಗಿ ಸೀಟಿನಲ್ಲಿ ಕೂರುವುದನ್ನು ಬಿಡಲಿಲ್ಲ.

ವರ್ಷಗಳು ಕಳೆದರೂ ಅವರು ಹಾಗೇ ಕೂರುವುದನ್ನು ದೊಡ್ಡಪ್ಪನಿಗೆ ನೋಡಲಾಗುತ್ತಿರಲಿಲ್ಲ. ಆಗಷ್ಟೇ ಕ್ಯಾಸೆಟ್ಟು ಬಂದಿದ್ದ ಕಾಲ. ಸೀರೆ ವ್ಯಾಪಾರಕ್ಕೆ ಮದರಾಸಿಗೆ ಹೋದವರ ಕೈಯಲ್ಲಿ ಕಾರಿಗೆ ಹಾಕುವ ಕ್ಯಾಸೆಟ್ ಪ್ಲೇಯರ್ ತರಿಸಿ, ಪೇಟೆಯ ರೇಡಿಯೋ ರಿಪೇರಿ ಬಾಷಾನನ್ನು ಕರೆಸಿದರು. ಅಂಗಳದ ತುಂಬ ಬೆಸುಗೆಯ ಹೊಗೆ.

"ರೇಡಿಯೋ ಇದ್ದಂಗೇ ಇರ್ಲಿ ಯಜಮಾನ್ರೇ, ಇದನ್ನ ಅದ್ರ ಕೆಳಗೆ ಕೂರಿಸ್ತೀನಿ" ಎಂದ ಬಾಷಾ.

"ಬೇಡ, ಅದನ್ನ ಕಿತ್ಕೊಂಡು ಹೋಗ್ಬಿಡು" ಎಂದರು ದೊಡ್ಡಪ್ಪ.

ಆ ಸಂಜೆ ದೇವರನಾಮ ತೇಲಿಬಂತು, ಗೊರಗೊರ ಇಲ್ಲದೆ, ಪಕ್ಕದಲ್ಲೇ ಕೂತು ಹಾಡಿದಷ್ಟು ಸ್ವಚ್ಛವಾಗಿ. ಹೇಗಿದೆ ಎಂದು ದೊಡ್ಡಪ್ಪ ಆಸೆಯಿಂದ ಕೇಳಿದರು.

"ಚೆನ್ನಾಗೈತೆ" ಎಂದರು ದೊಡ್ಡಮ್ಮ. "ಆದ್ರೆ ಇದು ಒಳಗೆ ತುಂಬ್ಸಿರೋದನ್ನೇ ಹೇಳ್ತದೆ. ನಾಳೆನೂ ಇದನ್ನೇ ಹೇಳ್ತದೆ. ಅವನ ಹೆಸ್ರು ಇದ್ರಲ್ಲಿ ಬರಲ್ಲ."

ದೊಡ್ಡಪ್ಪ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಬಾಷಾನ ಅಂಗಡಿಗೆ ಓಡಿದರು. ಅಷ್ಟರಲ್ಲಿ ರೇಡಿಯೋವನ್ನು ಬಿಚ್ಚಿ, ಅದರ ಭಾಗಗಳನ್ನು ಯಾರ್‍ಯಾರದೋ ರೇಡಿಯೋಗಳಿಗೆ ಹಾಕಿಯಾಗಿತ್ತು. ಬರಿಗೈಯಲ್ಲಿ ಮನೆಗೆ ಬಂದರು.

ಅಂದು ಸಂಜೆ ದೊಡ್ಡಮ್ಮ ಎಂದಿನ ಹೊತ್ತಿಗೆ ಹೋಗಿ ಕೂತರು. ಪ್ಲೇಯರನ್ನು ಮುಟ್ಟಲಿಲ್ಲ. ದೊಡ್ಡಪ್ಪ ಹೋಗಿ ಸ್ಟಿಯರಿಂಗ್ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಧಾಟಿಯಲ್ಲೇ "ದೊಡ್ಡಬಳ್ಳಾಪುರ್ ಕೇ ನಂಜುಂಡಪ್ಪ" ಎಂದರು. ತಂತಿ ಬಂದ ದಿನದಿಂದ ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಇನ್ನೊಂದ್ಸಲ ಹೇಳಿ" ಎಂದರು ದೊಡ್ಡಮ್ಮ.

ಅವರು ಹೇಳಿದರು. ಅಂದಿನಿಂದ ಪ್ರತಿ ಸಂಜೆಯೂ ಹೇಳಿದರು, ದೊಡ್ಡಮ್ಮ ಇರುವವರೆಗೂ. ಆಮೇಲೆ ಕಾರು ಹೋಯಿತು, ದೊಡ್ಡಪ್ಪ ಹೋದರು, ಬೇವಿನ ಮರವನ್ನೂ ಕಡಿದರು.

ನೆಲಮಂಗಲದ ಅಂಗಡಿಯ ಮುಂದೆ ಆ ಮಾತನ್ನು ನಾನು ಮೆಲ್ಲಗೆ ಹೇಳಿ ನೋಡಿದೆ. ಇನ್ನೊಂದು ಸಲ ಹೇಳು ಎನ್ನುವವರು ಯಾರೂ ಇರಲಿಲ್ಲ.