ಹನ್ನೊಂದು ಕೋಳಿ ಮುಚ್ಚಿದ ರಾತ್ರಿ

ಇದು ನಡೆದದ್ದು ಬೇವೂರಿನಲ್ಲಿ, ನನ್ನ ಮನೆಯ ಹಿತ್ತಿಲಲ್ಲಿ. ದೆವ್ವ ಕಂಡೆನೆಂದು ಚಹಾದಂಗಡಿಯಲ್ಲಿ ಕುಳಿತು ಬೊಗಳೆ ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಗ ಅವರ ಸಾಲಿಗೇ ಸೇರಬೇಕಾಯಿತಲ್ಲ ಎಂಬ ಸಂಕಟದಲ್ಲಿ ಹೇಳುತ್ತಿದ್ದೇನೆ. ನಂಬದಿದ್ದರೆ ಬಿಡಿ.

ನಾನು ವೆಲ್ಡಿಂಗ್ ಕೆಲಸದವನು. ನಮ್ಮ ಓಣಿಯವರು ಕೋಳಿ ಕಾಯುವ ಚಂದ ನೋಡಬೇಕು. ಸಂಜೆ ಬುಟ್ಟಿ ಕವುಚಿ, ಮೇಲೊಂದು ಕಲ್ಲು ಹೇರಿ, ದೇವರ ಮೇಲೆ ಭಾರ ಹಾಕಿ ಮಲಗುವುದು! ಬೆಳಗ್ಗೆ ನೋಡಿದರೆ ಬುಟ್ಟಿ ಉರುಳಿರುತ್ತದೆ, ಪುಕ್ಕ ಹಾರಾಡುತ್ತಿರುತ್ತವೆ. ದೇವರಿಗೇನು ಬೇರೆ ಕೆಲಸವಿಲ್ಲವೇ? ನನ್ನ ಆರು ಕೋಳಿಗಳಿಗೆ ನಾನೇ ಗೂಡು ಕಟ್ಟಿದೆ. ಕಬ್ಬಿಣದ ಚೌಕಟ್ಟು, ಬೆರಳು ತೂರದ ಜಾಲರಿ, ಅದರ ಅಂಚು ಒಂದು ಮೊಳ ನೆಲದೊಳಗೆ, ಮೇಲೆ ತಗಡು. ಬಾಗಿಲಿಗೆ ಬೀಗ, ತತ್ತಿ ತೆಗೆಯಲು ಚಿಲಕವಿದ್ದ ಒಂದು ಕಿಂಡಿ. ಮುಂಗುಸಿ, ನಾಯಿ, ಕಾಡುಬೆಕ್ಕು... ಯಾವುದೂ ನುಗ್ಗುವಂತಿರಲಿಲ್ಲ.

ಪಕ್ಕದ ಮನೆಯ ನಿಂಗವ್ವ ಒಂಟಿ ಮುದುಕಿ. ತತ್ತಿ ಮಾರಿದರೇ ಅವಳ ಒಲೆ ಉರಿಯಬೇಕು. ಕಾಡುಬೆಕ್ಕು ಅವಳ ಎರಡು ಕೋಳಿ ಒಯ್ದಿತ್ತು.

"ಉಳಿದವನ್ನ ತಂದು ನನ್ನ ಗೂಡಿನ್ಯಾಗ ಬಿಡಬೇ. ಒಂದು ಪುಕ್ಕ ಹೋದ್ರೂ ನಾ ಜವಾಬ್ದಾರ" ಎಂದೆ. ಐದನ್ನು ತಂದು ಬಿಟ್ಟಳು.

ಕತ್ತಲಾದ ಮೇಲೆ ಕೋಳಿ ಕದಲುವುದಿಲ್ಲ. ಆಗ ಕೈಯಿಂದ ಮುಟ್ಟಿ ಎಣಿಸಿ ಮುಚ್ಚುವುದು ನಮ್ಮ ಕಡೆಯ ರೂಢಿ. ನಿಂಗವ್ವ ಒಂದೊಂದನ್ನೂ ಹೆಸರು ಹಿಡಿದು ಮುಟ್ಟುತ್ತಾಳೆ, ಕೆಂಪಿ, ಬೂದಿ, ಕುಂಟಿ ಅಂತ. ಕೋಳಿಗೂ ಹೆಸರಂತೆ! ನಾನು ಕಿಂಡಿಯಿಂದ ಕೈ ಹಾಕಿ ಸುಮ್ಮನೆ ಎಣಿಸಿದೆ. ಹನ್ನೆರಡು.

ಮತ್ತೆ ಎಣಿಸಿದೆ. ಹನ್ನೆರಡೇ. ಕೊನೆಯದು ಮಾತ್ರ... ತುಂಬಿದ ಮಣ್ಣಿನ ಕೊಡದಂತೆ ತಣ್ಣಗಿತ್ತು.

ಮೊಬೈಲಿನ ಬೆಳಕು ಬಿಟ್ಟೆ. ಹನ್ನೊಂದು ಕೋಳಿ. ಬೆಳಕು ಆರಿಸಿ ಕೈಯಾಡಿಸಿದೆ. ಹನ್ನೆರಡು. ಒದ್ದೆ ಬೂದಿಯ ವಾಸನೆ ಮೂಗಿಗೆ ಬಡಿಯಿತು. ನಿಂಗವ್ವನನ್ನು ಕೂಗಿದೆ.

ಅವಳು ಕೈ ಹಾಕಿ ತನ್ನ ಐದರ ಹೆಸರು ಹೇಳಿದಳು, ನನ್ನ ಆರನ್ನು ದಾಟಿದಳು. ಆಮೇಲೆ ಕೈ ನಿಂತಿತು.

"ತಮ್ಮಾ... ಇದು ನಂದಲ್ಲ, ನಿಂದೂ ಅಲ್ಲ" ಎಂದು ಪಿಸುಗುಟ್ಟಿದಳು. "ಬಾಗ್ಲಾ ತಗಿ. ಕೋಳಿ ಹೊರಗ ಬಿಡು."

"ಹೊರಗ ಬೆಕ್ಕು ಕಾಯಾಕತ್ತೈತಿ. ಹುಚ್ಚು ಹಿಡದೈತೇನಬೇ ನಿನಗ?"

"ಬೆಕ್ಕು ಒಯ್ದ್ರ ಒಂದು ಒಯ್ತೈತಿ. ತಗಿಯೋ ತಮ್ಮಾ... ಕೈ ಮುಗೀತೀನಿ."

ನಕ್ಕುಬಿಟ್ಟೆ. ಬೀಗದ ಕೈ ಕಿಸೆಗೆ ಹಾಕಿಕೊಂಡು ಹೋಗಿ ಮಲಗಿದೆ.

ನಡುರಾತ್ರಿ ಕೇಳಿಸಿತು. ಕುಟ್... ಕುಟ್... ಕುಟ್... ತಾಯಿಕೋಳಿ ಮರಿಗಳನ್ನು ರೆಕ್ಕೆಯಡಿಗೆ ಕರೆಯುವ ದನಿ. ಗೂಡಿನಲ್ಲಿ ಮರಿ ಇದ್ದ ಕೋಳಿ ಒಂದೂ ಇರಲಿಲ್ಲ. ಹೆದರಿಕೆಯಾಯಿತು, ಹೌದು. ಆದರೆ ಎದ್ದು ಬಾಗಿಲು ತೆಗೆದರೆ ಆ ಮುದುಕಿ ಗೆದ್ದಂತಾಗುತ್ತಿತ್ತು. ಏಳಲಿಲ್ಲ.

ಬೆಳಗ್ಗೆ ಬೀಗ ಹಾಕಿದಂತೆಯೇ ಇತ್ತು. ಜಾಲರಿಯ ಒಂದು ತಂತಿಯೂ ಹರಿದಿರಲಿಲ್ಲ. ಒಳಗೆ ಆರು ಕೋಳಿ ಸತ್ತು ಬಿದ್ದಿದ್ದವು, ನಿಂಗವ್ವನ ಐದೂ, ನನ್ನದೊಂದು. ಗಾಯವಿಲ್ಲ, ರಕ್ತವಿಲ್ಲ. ಉಳಿದವು ಏನೂ ಆಗಿಲ್ಲವೆಂಬಂತೆ ನೆಲ ಕೆದರುತ್ತಿದ್ದವು. ಐದು ಉಳಿಯಬೇಕಿತ್ತು. ಎಣಿಸಿದೆ... ಆರಿದ್ದವು.

ಬೆಳಕಿನಲ್ಲೂ ಆರೇ.

ನಿಂಗವ್ವ ಅಳಲಿಲ್ಲ. ತನ್ನ ಐದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ಉಳಿದ ಇವನ್ನೆಲ್ಲ ನೀನ ಒಯ್ಯಬೇ" ಎಂದೆ. ನನ್ನ ದನಿ ನನಗೇ ಅಸಹ್ಯವೆನಿಸಿತು.

ಆರನ್ನೂ ಒಂದು ಸಲ ನೋಡಿದಳು. "ಬ್ಯಾಡ. ನೀನ ಇಟಗೋ."

ಕೊಯ್ದು ಹಾಕಬಾರದೇ ಎನ್ನುತ್ತೀರಿ. ಯಾವುದನ್ನು ಕೊಯ್ಯಲಿ? ಕತ್ತಲಲ್ಲಿ ಮುಟ್ಟಿ ನೋಡುವ ಧೈರ್ಯವಿಲ್ಲ, ಬೆಳಕಿನಲ್ಲಿ ನೋಡಿದರೆ ನನ್ನ ಐದು ಯಾವುವೆಂದು ನನಗೆ ಗೊತ್ತಾಗುವುದಿಲ್ಲ. ತಪ್ಪಿ ಅದನ್ನೇ ಹಿಡಿದರೆ... ಕುಡುಗೋಲು ಎತ್ತಲು ಕೈಯೇ ಬರುವುದಿಲ್ಲ. ಅಂಥ ಗಂಡಸು ನಾನು.

ಈಗ ಪ್ರತಿ ರಾತ್ರಿ ಗೂಡಿನ ಬಾಗಿಲು ತೆರೆದೇ ಇಡುತ್ತೇನೆ. ಕಾಡುಬೆಕ್ಕು ಬರುತ್ತದೆ, ಅದರ ಹೆಜ್ಜೆ ಬಾಗಿಲ ತನಕ ಮೂಡಿರುತ್ತವೆ. ಅಲ್ಲಿಂದ ತಿರುಗಿ ಹೋಗಿ ಓಣಿಯಲ್ಲಿ ಯಾರದೋ ಬುಟ್ಟಿ ಉರುಳಿಸುತ್ತದೆ. ನನ್ನ ಗೂಡಿನಲ್ಲಿ ಆರೂ ಹಾಗೇ ಇವೆ.