ಟಕ್ ಅಂದಾಗ ಬೆನ್ನು ಮುಟ್ಟು

ಎದುರುಮನೆ ತಾತನ ಎಡ ಮುಂಗೈ ಮೇಲೆ ನಾಲ್ಕು ಬೆರಳಗಲದ ಒಂದು ಪಟ್ಟಿ ಇತ್ತು. ತೋಳಿನ ಉಳಿದ ಭಾಗವೆಲ್ಲ ನರೆತ ಕೂದಲು. ಅಲ್ಲಿ ಮಾತ್ರ ಉಜ್ಜಿ ತೊಳೆದ ತಟ್ಟೆಯ ನುಣುಪು. ಬಿಲ್ಲಿನ ಹುರಿ ಬಡಿದು ಬಡಿದು ಹಾಗಾಗಿತ್ತು. ನಾನು ಮೊದಲ ಸಲ ನೋಡಿದಾಗ ಅದು ಸುಟ್ಟ ಗಾಯವೇ ಎಂದು ಅವರೊಡನೆ ವಾದಕ್ಕೆ ನಿಂತಿದ್ದೆ. ನನಗೆ ಆಗ ಹತ್ತೊಂಬತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಪ್ಪುತ್ತಿರಲಿಲ್ಲ. ನಾನು ಗೆಲ್ಲುತ್ತಾ ಹೋದ ಹಾಗೆ ಗೆಳತಿಯರು ಒಬ್ಬೊಬ್ಬರಾಗಿ ದೂರವಾಗಿದ್ದರು.

ಎಂಬತ್ತರ ದಶಕದಲ್ಲಿ ನಗರದಂಚಿನ ಮೂಡಲಪಾಳ್ಯದಲ್ಲಿ ಮನೆಗಳಿಗಿಂತ ಗಡಿ ಗುರುತಿಗೆ ನೆಟ್ಟ ಸೈಟುಕಲ್ಲುಗಳೇ ಹೆಚ್ಚು. ನಮ್ಮ ಬೀದಿ ಮುಗಿದರೆ ಮಲ್ಲತ್ತಹಳ್ಳಿ ಕೆರೆಯ ಕಡೆಗೆ ಖಾಲಿ ಬಯಲು. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಭಾಷಣ ಅಭ್ಯಾಸ ಮಾಡುತ್ತಿದ್ದೆ. ಮನೆಯಲ್ಲಿ ಮಾಡಿದರೆ ಅಪ್ಪ, "ಯಾರ ಮೇಲೆ ಕೂಗ್ತಿದೀಯೇ?" ಅನ್ನುತ್ತಿದ್ದರು. ತಾತನೂ ಆ ಹೊತ್ತಿಗೇ ಬರುತ್ತಿದ್ದರು, ಹೆಗಲಲ್ಲಿ ಬಿದಿರಿನ ಬಿಲ್ಲು, ಬಗಲಲ್ಲಿ ಹುಲ್ಲು ತುಂಬಿದ ಗೋಣಿಚೀಲ. ಮಾಗಡಿ ಕಡೆಯ ಸೋದರಮಾವ ಚಿಕ್ಕಂದಿನಲ್ಲಿ ಕಲಿಸಿದ ವಿದ್ಯೆಯಂತೆ. ಚೀಲವನ್ನು ಸೈಟುಕಲ್ಲಿಗೆ ಒರಗಿಸಿ, ಮೂವತ್ತು ಹೆಜ್ಜೆ ಎಣಿಸಿ ನಿಂತು ಬಾಣ ಬಿಡುತ್ತಿದ್ದರು.

ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಫ್ಯಾಕ್ಟರಿಯೊಂದರ ಪ್ರೆಸ್ ಶಾಪಿನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ತಗಡು ಬಡಿಯುವ ಸದ್ದು ಕಿವಿಯನ್ನು ತಿಂದುಹಾಕಿತ್ತು. ಪಕ್ಕದಲ್ಲೇ ನಿಂತು ಕೂಗಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಮಗ, ಸೊಸೆ, ಮೂವರು ಮೊಮ್ಮಕ್ಕಳಿರುವ ತುಂಬಿದ ಮನೆ. ಆದರೆ ಕೂಗಿ ಕೂಗಿ ಎಲ್ಲರಿಗೂ ಸಾಕಾಗಿತ್ತು. ತಟ್ಟೆ ಇಟ್ಟರೆ ಊಟಕ್ಕೆ ಬಾ ಎಂದರ್ಥ, ದೀಪ ಆರಿಸಿದರೆ ಮಲಗು ಎಂದರ್ಥ. ಅವರನ್ನು ಯಾರೂ ಬೈಯುತ್ತಲೂ ಇರಲಿಲ್ಲ. ಬೈಯುವುದಕ್ಕೂ ಕೂಗಬೇಕಲ್ಲ.

ಒಂದು ಭಾನುವಾರ ನನ್ನ ಭಾಷಣ ಮುಗಿಯುವವರೆಗೂ ಕಾದು ಕರೆದರು.

"ಲಾಯರಮ್ಮ, ಬಾ ಇಲ್ಲಿ. ಒಂದು ಜಾಬ್ ಮಾಡಿದೀನಿ."

ಫ್ಯಾಕ್ಟರಿಯವರಿಗೆ ಕೈಯಲ್ಲಿ ಮಾಡಿದ್ದೆಲ್ಲ ಜಾಬ್. ಬಿಲ್ಲಿನ ಪಕ್ಕಕ್ಕೆ ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಕಟ್ಟಿದ್ದರು. ಪೇಪರಿನ ಫೋಟೋ ಒಂದರಲ್ಲಿ ಪರದೇಶದ ಬಿಲ್ಲಿಗೆ ಇಂಥದೇನೋ ಇದ್ದದ್ದನ್ನು ನೋಡಿ, ಅದರ ಕೆಲಸವೇನೆಂದು ತಾವೇ ಲೆಕ್ಕ ಹಾಕಿ, ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡನ್ನು ಉಜ್ಜಿ ಮಾಡಿದ್ದು. ಬಾಣವನ್ನು ಬ್ಲೇಡಿನ ಅಡಿಗೆ ಸಿಕ್ಕಿಸಬೇಕು. ಪೂರ್ತಿ ಎಳೆದಾಗ ಬಾಣದ ಮೊನೆ ಅಡಿಯಿಂದ ಜಾರಿಕೊಳ್ಳುತ್ತದೆ, ಬ್ಲೇಡು ಟಕ್ ಎಂದು ಬಿಲ್ಲಿಗೆ ಬಡಿಯುತ್ತದೆ. ಆಗಲೇ ಬಾಣ ಬಿಟ್ಟರೆ ಪ್ರತಿ ಸಲವೂ ಒಂದೇ ಎಳೆತ.

"ವಯಸ್ಸಾಯ್ತಲ್ಲ. ಒಂದ್ಸಲ ಪೂರ್ತಿ ಎಳೀತೀನಿ, ಒಂದ್ಸಲ ಮುಕ್ಕಾಲಿಗೇ ಬಿಟ್ಬಿಡ್ತೀನಿ. ಬಾಣ ಹೋಗಿ ಮಣ್ಣು ತಿನ್ನುತ್ತೆ."

"ಟಕ್ ಅನ್ನೋದು ನಿಮಗೆ ಕೇಳಿಸಲ್ವಲ್ಲ ತಾತ," ಎಂದು ಕೂಗಿದೆ.

"ನಿನಗೆ ಕೇಳಿಸುತ್ತಲ್ಲ. ಹಿಂದೆ ನಿಂತ್ಕೋ. ಟಕ್ ಅಂದಾಗ ಬೆನ್ನು ಮುಟ್ಟು."

"ಕಿವಿ ಕೇಳಿಸ್ದೆ ಇರೋರು ಸದ್ದು ಮಾಡೋ ಸಾಮಾನು ಮಾಡ್ಕೊಂಡ್ರೆ ಯಾರಾದ್ರೂ ಒಪ್ತಾರಾ?"

"ಒಪ್ಪೋದು ಆಮೇಲೆ ಇರ್ಲಿ. ಮೊದ್ಲು ನಿಂತ್ಕೋ. ಫ್ಲಾಸ್ಕಲ್ಲಿ ಕಾಫಿ ಇದೆ."

ನಿಂತೆ. ಟಕ್ ಎಂದಿತು, ಬೆನ್ನು ಮುಟ್ಟಿದೆ, ಬಾಣ ಚೀಲದ ನಡುವಿಗೆ ಹೋಗಿ ನಾಟಿತು. ಅವರು ಹಿಂದಕ್ಕೆ ತಿರುಗಿ ಹಲ್ಲು ಬಿಟ್ಟು ನಕ್ಕರು. ಅಂದಿನಿಂದ ಪ್ರತಿ ಭಾನುವಾರ ಬಾಣದ ಬಾಲದಿಂದ ನಮ್ಮ ಗೇಟು ತಟ್ಟುವುದು ಅವರ ಪದ್ಧತಿಯಾಯಿತು. ಒಂದು ಸುತ್ತು ಬಾಣ, ಒಂದು ಲೋಟ ಕಾಫಿ, ಆಮೇಲೆ ನನ್ನ ಭಾಷಣ. ಅವರು ಸೈಟುಕಲ್ಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಒಮ್ಮೆ ಅಂದರು: "ಇವತ್ತು ಹೇಳಿದ್ರಲ್ಲಿ ನಿನಗೇ ನಂಬಿಕೆ ಇಲ್ಲ. ನಂಬಿಕೆ ಇದ್ದಾಗ ನೀನು ಕೈ ಆಡ್ಸಲ್ಲ." ಅವತ್ತು ನನಗೆ ಬೇಡವಾದ ಪಕ್ಷವನ್ನೇ ನಾನು ಹಿಡಿದಿದ್ದು ನಿಜ. ಒಂದಕ್ಷರವೂ ಕೇಳಿಸದೆ ಅದನ್ನು ಕಂಡುಹಿಡಿದ ತೀರ್ಪುಗಾರರು ಅವರೊಬ್ಬರೇ.

ಆದರೆ ನನಗೂ ಕಣ್ಣಿತ್ತು. ಒಂದು ದಿನ ಬೆನ್ನು ಮುಟ್ಟಬೇಕೆನ್ನುವಷ್ಟರಲ್ಲಿ ನನಗೆ ಸೀನು ಬಂತು. ಬಾಣ ಮಾತ್ರ ಟಕ್ ಎಂದಾಗಲೇ ಹೊರಟುಹೋಯಿತು. ಅನುಮಾನ ಬಂದಮೇಲೆ ಸುಮ್ಮನಿರುವ ಜಾತಿ ನನ್ನದಲ್ಲ. ಮುಂದಿನ ವಾರ ಹತ್ತು ಬಾಣಕ್ಕೆ ಬೆನ್ನು ಮುಟ್ಟದೆಯೇ ನಿಂತೆ. ಹತ್ತೂ ಟಕ್ ಎಂದ ಗಳಿಗೆಯಲ್ಲೇ ಹೊರಟವು. ಅದರಲ್ಲಿ ಎಂಟು ಬಾಣ ಚೀಲಕ್ಕೆ ನಾಟಿದವು.

ಅವರ ಮುಂದೆ ಹೋಗಿ ನಿಂತು, ವೇದಿಕೆಯ ಮೇಲೆ ನಿಂತವಳ ಹಾಗೆ, ಸಾಕ್ಷಿ ಸಮೇತ ಮಂಡಿಸಿದೆ. "ನಾನು ಮುಟ್ಟೇ ಇಲ್ಲ ತಾತ. ಹತ್ತಕ್ಕೆ ಹತ್ತು. ನಿಮಗೆ ನಾನು ಬೇಕಾಗೇ ಇಲ್ಲ."

ಅವರು ಬಿಲ್ಲಿನ ಹುರಿ ಬಿಚ್ಚಿದರು.

"ಬ್ಲೇಡು ಬಡಿದ್ರೆ ಅಂಗೈಯಲ್ಲಿ ಜುಮ್ ಅನ್ನುತ್ತಮ್ಮ. ಮೊದಲ ದಿನದಿಂದಾನೂ ಗೊತ್ತಾಗುತ್ತೆ."

"ಮತ್ತೆ ನಾನ್ಯಾಕೆ?"

ಕೇಳಿಸಿತೋ ಇಲ್ಲವೋ, ಹುರಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ನಾನು ಎರಡನೇ ಸಲ ಕೂಗಲಿಲ್ಲ. "ಸರಿ, ನೀನೇ ಗೆದ್ದೆ ಬಿಡು," ಎಂದು ಚೀಲ ಎತ್ತಿಕೊಂಡು ನಡೆದರು. ಕಾಫಿ ಫ್ಲಾಸ್ಕಿನಲ್ಲೇ ಉಳಿಯಿತು.

ಮುಂದಿನ ಭಾನುವಾರ ಗೇಟಿನ ಸದ್ದಿಲ್ಲ. ಬೇಕಾಗಿಲ್ಲ ಎಂದು ಸಾಬೀತು ಮಾಡಿದವಳು ನಾನೇ. ಕರೆಯದೆ ಯಾವ ಮುಖ ಇಟ್ಟುಕೊಂಡು ಹೋಗುವುದು? ತಾರಸಿ ಹತ್ತಿ ನೋಡಿದೆ. ಬಯಲಿನ ನಡುವೆ ಬೆರಳುದ್ದದ ಒಂದು ಆಕೃತಿ ಬಾಣ ಬಿಡುವುದು, ಹೋಗಿ ಆರಿಸಿ ತರುವುದು, ಮತ್ತೆ ಬಿಡುವುದು. ಮೂರನೇ ಭಾನುವಾರ ಅದೂ ಇರಲಿಲ್ಲ. ನಾನು ಬಯಲಿಗೆ ಹೋಗಿ ಯಾರೂ ಇಲ್ಲದೆಡೆ ಭಾಷಣ ಮಾಡಿದೆ, ಅರ್ಧಕ್ಕೆ ನಿಲ್ಲಿಸಿ ಬಂದೆ.

ಅದಾಗಿ ತಿಂಗಳಾಗಿರಬಹುದು. ಮೈಸೂರಿನ ಸ್ಪರ್ಧೆಯೊಂದರಿಂದ ಬಹುಮಾನ ಹಿಡಿದು ಸೋಮವಾರ ಮನೆಗೆ ಬಂದಾಗ ಅಮ್ಮ ಹೇಳಿದರು: "ಎದುರುಮನೆ ತಾತ ನಿನ್ನೆ ಬಂದಿದ್ರು ಕಣೇ. ಬಾಣದಲ್ಲಿ ಗೇಟು ತಟ್ಟಿದ್ರು. ನೀನು ಊರಲ್ಲಿಲ್ಲ ಅಂತ ಕೈಸನ್ನೆ ಮಾಡ್ದೆ. ಬಿಲ್ಲು ರಿಪೇರಿ ಮಾಡಿದೀನಿ, ಬಂದು ನೋಡ್ಲಿ ಅಂದ್ರು."

ಎದುರುಮನೆ, ಹತ್ತು ಹೆಜ್ಜೆ. ಭಾನುವಾರ ಹೋದರಾಯಿತು ಎಂದುಕೊಂಡೆ. ಗುರುವಾರ ಬೆಳಿಗ್ಗೆ ತಟ್ಟೆ ಇಟ್ಟರೂ ಅವರು ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗ ಬಿಲ್ಲನ್ನೂ ಎರಡು ಬಾಣಗಳನ್ನೂ ಹುಲ್ಲಿನ ಚೀಲವನ್ನೂ ತಂದುಕೊಟ್ಟರು. "ನಮ್ಮನೇಲಿ ಇದು ಯಾರಿಗೂ ಬರಲ್ಲಮ್ಮ. ನೀನಾದ್ರೂ ಇಟ್ಕೋ. ಕೊನೇಲಿ ಇದೇನೋ ರಬ್ಬರ್ ಬೇರೆ ಅಂಟಿಸ್ತಾ ಕೂತಿದ್ರು."

ಬ್ಲೇಡು ಬಂದು ಬಡಿಯುವ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡುಗಳನ್ನು ಒಂದರ ಮೇಲೊಂದು, ಮೂರು ಪದರ, ಅಂಚು ಸಮನಾಗಿ ಕತ್ತರಿಸಿ ಅಂಟಿಸಿದ್ದರು.

ಬಯಲಿಗೆ ಒಯ್ದು, ಚೀಲವನ್ನು ಸೈಟುಕಲ್ಲಿಗೆ ಒರಗಿಸಿ, ಬಾಣ ಸಿಕ್ಕಿಸಿ ಎಳೆದೆ. ತಪ್ ಎಂದು ಸಣ್ಣ ಸದ್ದು ಕಿವಿಗೆ ಬಂತು. ಅಂಗೈಯಲ್ಲಿ ಜುಮ್ ಅನ್ನಲೇ ಇಲ್ಲ. ಒಂದೇ ಸಲಕ್ಕೆ ನಂಬುವವಳಲ್ಲ ನಾನು. ಮನೆಗೆ ಹೋಗಿ ಹತ್ತಿ ತಂದು ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡೆ. ಚೀಲದ ಮೇಲೆ ಕಣ್ಣಿಟ್ಟು ಮತ್ತೆ ಎಳೆದೆ. ಪೂರ್ತಿ ಎಳೆದೆನೋ ಇಲ್ಲವೋ ತಿಳಿಯಲಿಲ್ಲ. ಬೆನ್ನು ಯಾರೂ ಮುಟ್ಟಲಿಲ್ಲ. ತೋಳು ಸೋಲುವವರೆಗೂ ಹಿಡಿದೇ ನಿಂತಿದ್ದೆ.